ಶಿಕ್ಕಾ ಇಲ್ಲದ ಶಿಕ್ಕಾದ ಅಂಗಡಿ

ಇಂಥವೆಲ್ಲ ನನಗೊಬ್ಬಳಿಗೇ ಆಗುತ್ತವೆ ಎಂದು ಬಹಳ ದಿನ ನಂಬಿದ್ದೆ. ಆಮೇಲೆ ನನ್ನ ಜೊತೆ ಬಿ.ಕಾಂ. ಓದಿದವರನ್ನು ಕೇಳಿ ನೋಡಿದೆ. ಇಂಟರ್ನ್‌ಶಿಪ್ ಅಂದರೆ ಸಾಕು, ಒಬ್ಬೊಬ್ಬರೂ ನಾಲ್ಕು ಕಥೆ ತೆಗೆಯುತ್ತಾರೆ. ನನ್ನವೂ ಇವೆ. ನಗುತ್ತಲೇ ಶುರು ಮಾಡುತ್ತೇನೆ, ಕೊನೆಯವರೆಗೂ ನಗುತ್ತೇನೆ ಎಂದು ಮಾತು ಕೊಡಲಾರೆ.

ವಿಷಯ ಇಷ್ಟೇ. ಕೊನೆಯ ವರ್ಷ ಎರಡು ತಿಂಗಳು ಎಲ್ಲಾದರೂ ಕೆಲಸ ಮಾಡಿ, ಅಲ್ಲಿಯವರ ಸಹಿ ಶಿಕ್ಕಾ ಇರುವ ಸರ್ಟಿಫಿಕೇಟ್ ತರಬೇಕು. ತಂದರೆ ನಾಲ್ಕು ಕ್ರೆಡಿಟ್. ಆ ನಾಲ್ಕು ಇಲ್ಲದಿದ್ದರೆ ಉಳಿದದ್ದೆಲ್ಲ ಪಾಸಾಗಿದ್ದರೂ ಡಿಗ್ರಿ ಇಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಇನ್ನೂ ಯಾರ ಕೈಗೂ ಬಂದಿರಲಿಲ್ಲ. ಅಪ್ಪ ಸಿಂಧನೂರು ಕಡೆಯಿಂದ ಬಂದು ಸಿಕಂದರಾಬಾದ್ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ರಬ್ಬರ್ ಸ್ಟ್ಯಾಂಪಿನ, ಅಂದರೆ ಶಿಕ್ಕಾದ, ಅಂಗಡಿ ಇಟ್ಟವನು. ಹೆಡ್‌ಮಾಸ್ತರರು, ಡಾಕ್ಟರು, ವಕೀಲರು, ಎಲ್ಲರ ಡಿಗ್ರಿಯನ್ನೂ ರಬ್ಬರಿನ ಮೇಲೆ ಏರಿಸಿದ್ದ. ಸ್ವಂತ ಮನೆಯದೊಂದನ್ನು ನೋಡಬೇಕು ಎಂಬ ಆಸೆ ಅವನಿಗೆ ಭಾಳ ಇತ್ತು.

ಕೇಳಲು ಹೋದದ್ದು ಬೇರೆ

ಮೊದಲು ಹೋದದ್ದು ಒಬ್ಬ ಆಡಿಟರ್ ಆಫೀಸಿಗೆ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ಬಯೋಡೇಟಾ ಫೈಲಿನಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಅವರು ತೆಲುಗಿನಲ್ಲಿ ಏನೇನೋ ಕೇಳಿದರು. ಅರ್ಧಕ್ಕೆ "ಬರುತ್ತದೆ ಸರ್" ಅಂದೆ, ಇನ್ನರ್ಧಕ್ಕೆ "ಕಲಿಯುತ್ತೇನೆ ಸರ್" ಅಂದೆ. ನಡುವೆ ಅವರು ಯಾವುದೋ ಕಾಗದಕ್ಕೆ ಸ್ಟ್ಯಾಂಪ್ ಒತ್ತಿದರು. ಕೆಳಗಿನ ಸಾಲು ಮಸುಕಾಗಿ ಬಿತ್ತು. ಇನ್ನೊಮ್ಮೆ ಒತ್ತಿದರು, ಇನ್ನೂ ಮಸುಕು. ನನಗೆ ಸುಮ್ಮನಿರಲು ಆಗಲಿಲ್ಲ.

"ಸರ್, ರಬ್ಬರ್ ಆ ಮೂಲೆಯಲ್ಲಿ ಎದ್ದಿದೆ. ಎಷ್ಟು ಒತ್ತಿದರೂ ಅಷ್ಟೇ" ಅಂದುಬಿಟ್ಟೆ.

ಅವರು ಸ್ಟ್ಯಾಂಪ್ ತಿರುಗಿಸಿ ನೋಡಿದರು, ನನ್ನನ್ನು ನೋಡಿದರು. ನಿನಗೆ ಹೇಗೆ ಗೊತ್ತು ಅಂದರು. ಹೇಳಿದೆ. ಅವರ ಮುಖ ಅರಳಿತು. ಆ ಹೊತ್ತಿಗೆ ನಾನು ಮನಸ್ಸಿನಲ್ಲೇ ಇಂಟರ್ನ್‌ಶಿಪ್ ಮುಗಿಸಿ ಸರ್ಟಿಫಿಕೇಟನ್ನೂ ಫ್ರೇಮ್ ಮಾಡಿಸಿದ್ದೆ.

ಮನೆಗೆ ಬಂದಾಗ ಅಪ್ಪ ಕೇಳಿದ, "ಏನಾತವ್ವಾ, ಕೊಟ್ರೇನು?"

"ಕೊಟ್ರಪ್ಪಾ. ಎರಡು ಸ್ಟ್ಯಾಂಪಿನ ಆರ್ಡರ್ ಕೊಟ್ರು. ಸೋಮವಾರಕ್ಕ ಬೇಕಂತ."

ಮೊದಲೇ ಮುಗಿದದ್ದು

ನನ್ನ ಗೆಳತಿ ಒಬ್ಬಳು ಅಮೀರ್‌ಪೇಟ್‌ನ ಒಂದು ಟ್ರೈನಿಂಗ್ ಸೆಂಟರಿಗೆ ಸೇರಿದಳು. ಸೇರಿದ ದಿನವೇ ಕೈಗೆ ಸರ್ಟಿಫಿಕೇಟ್ ಕೊಟ್ಟರಂತೆ: ಎರಡು ತಿಂಗಳ ಇಂಟರ್ನ್‌ಶಿಪ್ ಯಶಸ್ವಿಯಾಗಿ ಮುಗಿಸಿದ್ದಾಳೆ, ಶಿಸ್ತು ಅತ್ಯುತ್ತಮ, ಹಾಜರಿ ನೂರಕ್ಕೆ ನೂರು. ಪಾಪ, ಸಾಚಾ ಹುಡುಗಿ.

"ಮತ್ತೆ ಕ್ಲಾಸು ಯಾವಾಗಿಂದ ಸರ್?" ಅಂದಿದ್ದಾಳೆ.

ಅಲ್ಲಿದ್ದವರು ತಲೆ ಎತ್ತಿ, "ಕ್ಲಾಸಿಗೂ ಬರುತ್ತೀಯಾ?" ಅಂದರಂತೆ.

ಅಪ್ಪನ ಕಾಯಿದೆ

ಅಪ್ಪನ ಅಂಗಡಿಗೆ ಒಂದೇ ಕಾಯಿದೆ ಇತ್ತು. ಯಾವ ಆಫೀಸಿನ ಶಿಕ್ಕಾ ಬೇಕೋ ಆ ಆಫೀಸಿನ ಲೆಟರ್‌ಹೆಡ್ ಮೇಲೆ ಬರೆದ ಕಾಗದ ತರಬೇಕು. ಕಾಗದ ಇಲ್ಲದಿದ್ದರೆ ಸ್ವಂತ ಬೀಗರು ಬಂದರೂ ಚಹಾ ಸಿಗುತ್ತಿತ್ತು, ಶಿಕ್ಕಾ ಸಿಗುತ್ತಿರಲಿಲ್ಲ.

ಇಂಟರ್ನ್‌ಶಿಪ್ ಸೀಸನ್ ಬಂತೆಂದರೆ ನಮ್ಮ ಅಂಗಡಿ ಮುಂದೆ ಹುಡುಗರದೇ ಗದ್ದಲ. ನನ್ನ ಕ್ಲಾಸಿನ ಇಬ್ಬರು ಹುಡುಗರೂ ಬಂದರು. ನಾನು ಒಳಗಿರುವುದು ಅವರಿಗೆ ಗೊತ್ತಿರಲಿಲ್ಲ. ಒಂದು ಕಂಪನಿಯ ಹೆಸರು ಬರೆದ ಚೀಟಿ ಕೊಟ್ಟು, "ಅಂಕಲ್, ಈ ಸ್ಟ್ಯಾಂಪ್ ಅರ್ಜೆಂಟ್" ಅಂದರು.

"ಲೆಟರ್?" ಅಂದ ಅಪ್ಪ.

"ಸಾರ್ ಊರಲ್ಲಿಲ್ಲ ಅಂಕಲ್."

"ಇರ್ಲಿ. ನಿಮ್ಮ ಕಂಪನಿ ಏನು ಮಾಡ್ತದ?"

"ಸಾಫ್ಟ್‌ವೇರ್" ಅಂದ ಒಬ್ಬ. "ಔಷಧಿ" ಅಂದ ಇನ್ನೊಬ್ಬ. ಇಬ್ಬರೂ ಒಟ್ಟಿಗೇ.

ಅಪ್ಪ ಚೀಟಿ ಮಡಚಿ ವಾಪಸು ಕೊಟ್ಟ. "ಮೊದಲು ನೀವಿಬ್ಬರೂ ಕೂತು ಒಂದು ಮೀಟಿಂಗ್ ಮಾಡ್ರಿ. ಕಂಪನಿ ಯಾವುದಂತ ಠರಾವು ಆದಮ್ಯಾಲೆ ಬರ್ರಿ."

ಲಾಗ್‌ಬುಕ್

ಅದೇ ವಾರ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಅರ್ಧ ತೊದಲಿತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮೊದಲು ಕೇಳಿದ್ದು, "ಅಂಗಡಿ ಯಾರು ತೆಗದಾರ?" ಯಾರೂ ತೆಗೆದಿರಲಿಲ್ಲ. ಮರುದಿನದಿಂದ ನಾನು ತೆಗೆದೆ. ಅಂಗಡಿಯ ಹಿಂದೆಯೇ ಮನೆ. ನಡುವಿನ ಬಾಗಿಲು ತೆರೆದಿಟ್ಟರೆ ಅಪ್ಪನಿಗೆ ಮಂಚದಿಂದಲೇ ಎಲ್ಲ ಕಾಣುತ್ತಿತ್ತು. ಅದೇ ತಪ್ಪಾಯಿತು. ನಾನು ಕತ್ತರಿ ಹಿಡಿದರೂ ಒಳಗಿನಿಂದ "ಹಂಗಲ್ಲ" ಎಂಬ ದನಿ ಬರುತ್ತಿತ್ತು. ತೊದಲಿದ ಬಾಯಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಮಾತು ಅದೊಂದೇ.

ಇಂಟರ್ನ್‌ಶಿಪ್ ಆಸೆ ಬಿಟ್ಟೆ. ಕಾಲೇಜಿಗೆ ಹೋಗಿ ಆ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂಗೆ ಹೇಳಿದೆ, ಹೀಗೆ ಹೀಗಾಗಿದೆ, ಈ ವರ್ಷ ಆಗುವುದಿಲ್ಲ ಎಂದು. ಮೇಡಂ ಕನ್ನಡಕ ತೆಗೆದು, "ಬೆಳಗ್ಗೆಯಿಂದ ಸಂಜೆವರೆಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೀಯಾ? ಲೈಸೆನ್ಸ್ ಇದೆಯಾ? ಮತ್ತೆ ಅದೇ ಇಂಟರ್ನ್‌ಶಿಪ್ ಅಲ್ಲವೇನಮ್ಮಾ? ಲಾಗ್‌ಬುಕ್ ಬರಿ" ಅಂದರು. ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ.

ಲಾಗ್‌ಬುಕ್ಕಿನಲ್ಲಿ ದಿನಕ್ಕೊಂದು "ಇಂದು ಕಲಿತದ್ದು" ಎಂಬ ಕಾಲಂ ಇತ್ತು. ಮೊದಲ ದಿನ ಬರೆದೆ: "ಸ್ಟ್ಯಾಂಪಿನ ಇಂಕು ಸೋಪಿಗೆ ಹೋಗುವುದಿಲ್ಲ." ವಾರದ ನಂತರ ಮೇಡಂ ಅದರ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದಿದ್ದರು: "ಮತ್ತೆ ಯಾವುದಕ್ಕೆ ಹೋಗುತ್ತದೆ? ನನ್ನ ಸೀರೆಗೆ ಹತ್ತಿದೆ."

ಲೆಟರ್ ತಾ

ಎರಡು ತಿಂಗಳು ಮುಗಿಯಿತು. ಕಾಲೇಜಿನ ಫಾರಂ ಮೇಲೆ ಮಾಲೀಕರ ಸಹಿ ಬೇಕು, ಅಂಗಡಿಯ ಶಿಕ್ಕಾ ಬೇಕು. ಆವಾಗ ಗೊತ್ತಾಯಿತು, ಊರಿಗೆಲ್ಲ ಶಿಕ್ಕಾ ಮಾಡಿಕೊಟ್ಟ ನಮ್ಮ ಅಂಗಡಿಗೇ ಒಂದು ಶಿಕ್ಕಾ ಇಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಪ್ಪನೂ ಮಾಡಿಕೊಂಡಿರಲಿಲ್ಲ.

"ಅದಕ್ಕೇನು, ಈಗ ಮಾಡ್ತೀನಿ" ಅಂದೆ.

ಮಂಚದಿಂದ ದನಿ ಬಂತು. "ಲೆ...ಟರ್?"

"ಅಪ್ಪಾ, ನಮ್ಮ ಅಂಗಡಿ ಐತಿ! ನಂದೇ ಕೈ, ನಿಂದೇ ಅಂಗಡಿ!"

"ಲೆಟರ್... ತಾ."

ಅವ್ವ ಒಳಗಿನಿಂದ, "ಆ ಮನಿಷ್ಯಾ ಬಗ್ಗೂದಿಲ್ಲ, ಬರೀವ್ವಾ ಸುಮ್ಮನ" ಅಂದಳು. ಬರೆದೆ. ನಮ್ಮ ಅಂಗಡಿಯಿಂದ ನಮ್ಮ ಅಂಗಡಿಗೆ: ಮಾನ್ಯರೇ, ದಯವಿಟ್ಟು ನಮಗೊಂದು ಸ್ಟ್ಯಾಂಪ್ ಮಾಡಿಕೊಡಿ. ಅಪ್ಪ ಅದನ್ನು ಎರಡು ಸಲ ಓದಿ, ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿ, ಮಾಡಬಹುದು ಎಂದು ತಲೆ ಆಡಿಸಿದ.

ಸಿಟ್ಟಿನಲ್ಲಿ ಮಾಡಿದೆ. ಅಕ್ಷರದ ಫಿಲಂ ಅನ್ನು ಮೆಷಿನ್ನಿನ ಗಾಜಿನ ಮೇಲೆ ತಿರುವಿ ಇಡಬೇಕು, ಬೆಳಕು ಬಿದ್ದು ರಬ್ಬರಿನಲ್ಲಿ ಅಕ್ಷರ ಉಲ್ಟಾ ಏಳುತ್ತದೆ, ಕಾಗದದ ಮೇಲೆ ಒತ್ತಿದಾಗ ನೆಟ್ಟಗಾಗುತ್ತದೆ. ಎರಡು ತಿಂಗಳು ಯಾರ್ಯಾರದೋ ಶಿಕ್ಕಾ ತಪ್ಪಿಲ್ಲದೆ ಮಾಡಿದ್ದೆ. ಅವತ್ತು ತಿರುವಲು ಮರೆತೆ. ಪೇಪರಿನ ಮೇಲೆ ಒತ್ತಿದರೆ ಅಂಗಡಿಯ ಹೆಸರು ಬಲದಿಂದ ಎಡಕ್ಕೆ ಬಿತ್ತು.

ಅಪ್ಪ ಪೇಪರ್ ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಆಮೇಲೆ ನಕ್ಕ. ಬಾಯಿಯ ಒಂದೇ ಬದಿಯಿಂದ, ಮೈಯೆಲ್ಲ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಾನು ಬೇರೆ ಸರಿಯಾದದ್ದು ಮಾಡಿದೆ. ಆ ಉಲ್ಟಾ ಶಿಕ್ಕಾ ಮಾತ್ರ ಅವನು ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಅವ್ವ ಕೇಳಿದ್ದಕ್ಕೆ, "ಸ್ಯಾಂಪಲ್" ಅಂದ.

ಒಂದು ಟಿಕ್ಕು

ಫಾರಂನಲ್ಲಿ ಕೊನೆಗೆ ಒಂದು ಸಾಲು: ವಿದ್ಯಾರ್ಥಿಯ ಕೆಲಸ ಹೇಗಿದೆ? ಅತ್ಯುತ್ತಮ, ಉತ್ತಮ, ಸಾಧಾರಣ. ಒಂದಕ್ಕೆ ಟಿಕ್ ಹಾಕಬೇಕು. ನನ್ನ ಕ್ಲಾಸಿನಲ್ಲಿ ಕಂಪನಿಯ ಬಾಗಿಲನ್ನೂ ನೋಡದವರಿಗೆಲ್ಲ ಅತ್ಯುತ್ತಮ ಸಿಕ್ಕಿತ್ತು. ನಾನು ಪೆನ್ನನ್ನು ಅಪ್ಪನ ಎಡಗೈಗೆ ಕೊಟ್ಟೆ, ಕಾಗದ ಹಿಡಿದುಕೊಂಡೆ. ಪೆನ್ನು ಮೆಲ್ಲಗೆ ಹೊರಟಿತು. ಅತ್ಯುತ್ತಮ ದಾಟಿತು, ಉತ್ತಮವನ್ನೂ ದಾಟಿತು. ಕೈ ಜಾರುತ್ತಿದೆ ಎಂದು ನಾನು ಹಿಡಿಯಲು ಹೋದೆ. ಅಪ್ಪ ಕೈ ಕೊಡವಿ ಸಾಧಾರಣಕ್ಕೆ ನೆಟ್ಟಗೆ ಟಿಕ್ ಹಾಕಿದ.

"ಅಪ್ಪಾ! ಎರಡು ತಿಂಗಳು ಒಬ್ಬಾಕಿನೇ ಅಂಗಡಿ ನಡೆಸೀನಿ!"

"ಉಲ್ಟಾ... ಮಾಡ್ದಿ" ಅಂದ.

ಅವತ್ತು ಅವನ ಜೊತೆ ಮಾತು ಬಿಟ್ಟೆ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟೆ, ಬಾಯಿ ಒರೆಸಿದೆ, ಮಾತಾಡಲಿಲ್ಲ. ಎದ್ದು ಹೋಗುವಾಗ ಸೆರಗು ಹಿಡಿದ ಹಾಗೆ ನನ್ನ ದುಪಟ್ಟಾ ಹಿಡಿದು ಎಳೆದ. "ಇನ್ನೊಂದು ತಿಂಗಳು ಮಾಡು... ಯವ್ವಾ. ತಿದ್ದಿ ಕೊಡ್ತೀನಿ."

ಇನ್ನೊಂದು ತಿಂಗಳು ಸಿಗಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಎರಡನೆಯ ಸಲ ಹೊಡೆಯಿತು, ಆಟೋ ಬರುವಷ್ಟರಲ್ಲಿ ಅಪ್ಪ ಹೋಗಿದ್ದ. ಹಾಸಿಗೆ ತೆಗೆಯುವಾಗ ದಿಂಬಿನ ಕೆಳಗೆ ಹಳೆಯ ಪೇಪರುಗಳು ಸಿಕ್ಕವು. ಅಂಚಿನ ತುಂಬ ಎಡಗೈಯಲ್ಲಿ ಒತ್ತಿದ ಉಲ್ಟಾ ಶಿಕ್ಕಾಗಳು. ಹೊತ್ತು ಹೋಗದಾಗ ಒಬ್ಬನೇ ಒತ್ತಿಕೊಂಡು ನಗುತ್ತಿದ್ದನೇನೋ. 

ರಿಂಗಾದ ಫೋನು

ಕಾರ್ಯಗಳೆಲ್ಲ ಮುಗಿದ ನಾಲ್ಕನೆಯ ದಿನ ಕಾಲೇಜಿನಲ್ಲಿ ವೈವಾ. ಅವತ್ತು ಮೇಡಂ ರಜೆಯಲ್ಲಿದ್ದರು. ಬೇರೆ ಕಾಲೇಜಿನಿಂದ ಬಂದ ಸರ್ ಒಬ್ಬರೇ ಕೂತಿದ್ದರು, ಅವರಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ಸುಳ್ಳು ಸರ್ಟಿಫಿಕೇಟ್ ಹಿಡಿಯಲು ಅವರದೊಂದು ಪದ್ಧತಿ: ಫಾರಂ ಮೇಲಿನ ನಂಬರಿಗೆ ಎದುರಿಗೇ ಫೋನ್ ಮಾಡುವುದು.

ನನಗಿಂತ ಮೊದಲು ಅದೇ "ಸಾಫ್ಟ್‌ವೇರ್" ಹುಡುಗ. ಸರ್ ಅವನ ಮ್ಯಾನೇಜರಿಗೆ ಫೋನ್ ಹಚ್ಚಿದರು. ಬಾಗಿಲ ಹೊರಗೆ ವರಾಂಡದಲ್ಲಿ ಸಿನಿಮಾ ಹಾಡು ಮೊಳಗಿತು. ಸರ್ ಎದ್ದು ಬಾಗಿಲು ತೆಗೆದರೆ, "ಔಷಧಿ" ಹುಡುಗ ಒಂದು ಕೈಯಲ್ಲಿ ಸಮೋಸಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ದನಿ ದಪ್ಪ ಮಾಡಿಕೊಂಡು "ಹಲೋ, ಮ್ಯಾನೇಜರ್ ಸ್ಪೀಕಿಂಗ್" ಅನ್ನುತ್ತಿದ್ದ. ಒಳಗೆ ಸಾಲಿನಲ್ಲಿ ಕೂತ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಆಮೇಲೆ ನನ್ನ ಹೆಸರು ಕರೆದರು. ಸರ್ ಇನ್ನೂ ಸಿಟ್ಟಿನಲ್ಲಿದ್ದರು. ಒಂದು ಮಾತೂ ಕೇಳದೆ ನನ್ನ ಫಾರಂ ನೋಡಿ ನಂಬರ್ ಒತ್ತಿದರು.

ನನ್ನ ಬ್ಯಾಗಿನಲ್ಲಿ ಫೋನ್ ರಿಂಗಾಯಿತು.

ಅಪ್ಪನ ಫೋನು. ಗಿರಾಕಿಗಳು ಅದಕ್ಕೇ ಮಾಡುತ್ತಾರೆಂದು ನಾನು ಜೊತೆಗೇ ಇಟ್ಟುಕೊಂಡಿದ್ದೆ. ಹಿಂದಿನ ಸಾಲು ಹೋ ಎಂದು ನಕ್ಕಿತು. "ಇವಳು ಮ್ಯಾನೇಜರನ್ನ ಬ್ಯಾಗಲ್ಲೇ ತಂದಿದ್ದಾಳೆ!" ಎಂದು ಯಾರೋ ಕೂಗಿದರು. ಸರ್ ಮೇಜು ಕುಟ್ಟಿದರು. ಫೋನು ರಿಂಗಾಗುತ್ತಲೇ ಇತ್ತು. ನನಗೆ ಅದನ್ನು ಆರಿಸಲೂ ಕೈ ಬರಲಿಲ್ಲ.

"ನಮ್ಮ ತಂದೆಯ ಫೋನ್ ಸರ್. ಅವರೇ ಮಾಲೀಕರು. ಹೋದ ತಿಂಗಳು ತೀರಿಕೊಂಡರು" ಅಂದೆ.

ನಗು ನಿಂತಿತು. ಸರ್ ಫೋನ್ ಕೆಳಗಿಟ್ಟರು. ನಂಬಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ಆಮೇಲೆ ಫಾರಂ ನೋಡಿದರು, ಶಿಕ್ಕಾ ನೋಡಿದರು, ಸೊಟ್ಟ ಸಹಿ ನೋಡಿದರು. ಅವರ ಬೆರಳು ಆ ಟಿಕ್ಕಿನ ಮೇಲೆ ನಿಂತಿತು.

"ಸ್ವಂತ ಅಪ್ಪ ನಿನಗೆ ಸಾಧಾರಣ ಕೊಟ್ಟಿದ್ದಾನಾ?"

"ಹೌದು ಸರ್. ಒಂದು ಸ್ಟ್ಯಾಂಪ್ ತಪ್ಪು ಮಾಡಿದ್ದೆ."

 ಸರ್ ಅಲ್ಲಿದ್ದ ಫಾರಂಗಳ ರಾಶಿಯನ್ನು ಬದಿಗೆ ಸರಿಸಿ, "ಬೆಳಗ್ಗೆಯಿಂದ ಅರವತ್ತು ಅತ್ಯುತ್ತಮ ನೋಡಿದೆನಮ್ಮಾ. ನಿಜವಾದದ್ದು ಇದೊಂದೇ" ಅಂದು ನಾಲ್ಕಕ್ಕೆ ನಾಲ್ಕು ಕ್ರೆಡಿಟ್ ಬರೆದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಂಗಡಿಯ ಬಾಗಿಲಲ್ಲಿ ಕೂತಿದ್ದಳು, ಖಾಲಿ ಮಂಚದ ಕಡೆ ಬೆನ್ನು ಮಾಡಿ.

"ನಾಲ್ಕಕ್ಕ ನಾಲ್ಕೂ ಕೊಟ್ರಾ?" ಅಂದಳು.

"ನಾಲ್ಕೂ ಕೊಟ್ರವ್ವಾ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮ್ಮಪ್ಪ ಇದ್ದಿದ್ರ ಮೂರೇ ಕೊಡ್ತಿದ್ದ."