ಕಾರಿನ ಬಾಲಕ್ಕೆ ಕಟ್ಟಿದ ಎಂಜಿನ್ನು

ಓಂಕಾರಮೂರ್ತಿಯ ತೋಟದ ಡೀಸೆಲ್ ಎಂಜಿನ್ನು ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟದ್ದಿಲ್ಲ. ಹಳ್ಳದ ನೀರಿನ ಸರದಿ ಅವನ ಪಾಲಿಗೆ ಬಂದ ದಿನವೇ ಬೆಳಿಗ್ಗೆ ಆರೂಕಾಲಿಗೆ ಅದು ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಳಿಸಿ, ಪಿಸ್ಟನ್ ಹಿಡಿದುಕೊಂಡು ನಿಂತುಬಿಟ್ಟಿತು.

ನಿಂತದ್ದು ಎಂಜಿನ್ನಾದರೂ ಎದೆ ಹಿಡಿದುಕೊಂಡದ್ದು ಓಂಕಾರಮೂರ್ತಿ. ಮಾರ್ಚ್ ತಿಂಗಳ ಬಿಸಿಲು. ರೋಬಸ್ಟಾ ಕಾಫಿ ಗಿಡಗಳ ಮೊಗ್ಗುಗಳು ಭತ್ತದ ಕಾಳಿನಂತೆ ಉಬ್ಬಿ ನೀರಿಗೆ ಕಾಯುತ್ತಿದ್ದವು. ಬಾಳೂರಿನ ಆ ಹಳ್ಳದ ನೀರನ್ನು ಎಂಟು ತೋಟದವರು ದಿನಕ್ಕೊಬ್ಬರಂತೆ ಹಂಚಿಕೊಂಡಿದ್ದರು. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಒಬ್ಬರ ಸರದಿ. ಇವತ್ತು ಸ್ಪ್ರಿಂಕ್ಲರ್ ತಿರುಗದಿದ್ದರೆ ಮತ್ತೆ ನೀರು ಸಿಗುವುದು ಎಂಟು ದಿನಕ್ಕೆ. ಅಷ್ಟರಲ್ಲಿ ಮೊಗ್ಗು ಕರಕಲಾಗಿ ಉದುರಿ, ಮುಂದಿನ ವರ್ಷದ ಫಸಲಿನ ಕತೆ ಮುಗಿದಿರುತ್ತಿತ್ತು.

“ಬಣಕಲ್ಲಿನ ಅಣ್ಣನ ಹತ್ರ ಟ್ರೇಲರ್ ಮೇಲೆ ಕೂರ್ಸಿರೋ ಎಂಜಿನ್ ಇದೆಯಲ್ಲ, ತಂದ್ಬಿಡಿ,” ಅಂದಳು ಹೆಂಡತಿ ರೂಪಶ್ರೀ.

ಅಣ್ಣನೆಂದರೆ ಓಂಕಾರಮೂರ್ತಿಯ ಭಾವ ಜಯದೇವಪ್ಪ. ಫೋನಿಗೆ ಸಿಕ್ಕ ಭಾವ ಎರಡನೇ ಮಾತಿಲ್ಲದೆ ಒಪ್ಪಿದ. “ಟ್ರೇಲರ್ ತಯ್ಯಬನ ಗ್ಯಾರೇಜಲ್ಲೇ ನಿಂತಿದೆ ಭಾವ. ನಾನು ಮೂಡಿಗೆರೆಗೆ ಹೊರಟಿದೀನಿ. ನೀವೇ ಸಿಕ್ಕಿಸ್ಕೊಂಡು ಹೋಗ್ಬಿಡಿ.”

“ಯಾವುದಕ್ಕೆ ಸಿಕ್ಕಿಸೋದು ಭಾವ? ಜೀಪು ಹೋದ ವರ್ಷವೇ ಮಾರಿದ್ದಾಯ್ತಲ್ಲ.”

“ಕಾರಿಗೇ ಸಿಕ್ಕಿಸಿ. ತಯ್ಯಬ್ ಕೊಕ್ಕೆ ಹಾಕ್ಕೊಡ್ತಾನೆ.”

ಜೀಪು ಮಾರಿಸಿ ಬಿಳಿ ಕಾರು ಕೊಡಿಸಿದವಳೇ ರೂಪಶ್ರೀ. ತನ್ನ ಕಾರಿನ ಹಿಂದೆ ಕೊಕ್ಕೆ ಬೀಳುತ್ತದೆಂದು ಕೇಳಿ ಅವಳ ಮುಖ ಸಣ್ಣಗಾಯಿತು. ಆದರೆ ಮೊಗ್ಗು ನೆನಪಾಗಿ ಬಾಯಿ ಬಿಗಿಹಿಡಿದಳು.

ಗೇಟಿನ ಹತ್ತಿರ ಪಕ್ಕದ ತೋಟದ ಸೋಮಶೇಖರಪ್ಪನವರು ನಿಂತಿದ್ದರು. ಮರುದಿನದ ಸರದಿ ಅವರದು. ಹಿಂದಿನ ದಿನದವನು ಸಮಯಕ್ಕೆ ಸರಿಯಾಗಿ ನೀರು ಎತ್ತುತ್ತಾನೋ ಇಲ್ಲವೋ ಎಂದು ನೋಡಿಹೋಗುವುದು ಅವರ ಬೆಳಗಿನ ವಾಕಿಂಗು. ವಿಷಯ ಕೇಳಿ ತಲೆ ಅಲ್ಲಾಡಿಸಿದರು.

“ಕಾರಲ್ಲಿ ಎಂಜಿನ್ ಎಳೀತೀರಾ ಮಾರಾಯ್ರೆ? ಎಳೀರಿ, ಬೇಡ ಅನ್ನಲ್ಲ. ಬಾಗಿಲು ಮಾತ್ರ ಲಾಕ್ ಮಾಡ್ಕೋಬೇಡಿ. ಹಾರೋ ಹೊತ್ತಿಗೆ ಕೈಗೆ ಸಿಗಲ್ಲ.”

ಓಂಕಾರಮೂರ್ತಿ ಕಾರು ಹತ್ತಿದವನೇ ಬಾಗಿಲಿನ ಲಾಕು ತೆಗೆದಿಟ್ಟ. ಬಣಕಲ್ಲಿನವರೆಗೂ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ.

ತಯ್ಯಬ್ ಗಟ್ಟಿ ಕೆಲಸದವನು. ಕಾರಿನ ಹೊಟ್ಟೆಯಡಿ ತೂರಿ, ಚಾಸಿಗೆ ಪಟ್ಟಿ ಬಿಗಿದು, ಹತ್ತೂವರೆ ಹೊತ್ತಿಗೆ ಕೊಕ್ಕೆ ಕೂರಿಸಿದ. ಟ್ರೇಲರ್ ಸಿಕ್ಕಿಸಿ, ಪಿನ್ನು ಇಳಿಸಿ, ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡ ಹಾಕಿದ. ಕೆಂಪು ಬಣ್ಣದ ಎಂಜಿನ್ನು ಟ್ರೇಲರಿನ ಮುಂಭಾಗದಲ್ಲಿ ಬೋಲ್ಟಿನ ಮೇಲೆ ಕೂತಿತ್ತು. ಹಿಂದಿನ ಅರ್ಧ ಖಾಲಿ. ಧೂಳು ಕೂರದಿರಲೆಂದು ಮೇಲೊಂದು ನೀಲಿ ಟಾರ್ಪಾಲು ಹೊದಿಸಿದ್ದರು.

“ಸಾರ್, ಮೂರೇ ವಿಷಯ,” ಅಂದ ತಯ್ಯಬ್ ಕೈ ಒರೆಸಿಕೊಳ್ಳುತ್ತ. “ಭಾರ ಯಾವಾಗ್ಲೂ ಮುಂದಿರ್ಲಿ. ಹಿಂದೆ ಭಾರ ಬಿತ್ತೋ, ಟ್ರೇಲರ್ರೇ ಕಾರನ್ನ ಆಡಿಸುತ್ತೆ. ಟ್ರೇಲರ್‌ಗೆ ಬ್ರೇಕಿಲ್ಲ, ಇಳಿಜಾರಲ್ಲಿ ಸೆಕೆಂಡ್ ಗೇರ್ ಬಿಡ್ಬೇಡಿ. ನಿಲ್ಸಿದ ಕಡೆಯೆಲ್ಲ ಇಳಿದು ಪಿನ್ನು, ಸರಪಳಿ ನೋಡಿ. ಅಷ್ಟೇ.”

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಗ್ಯಾರೇಜಿನ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ರಿಟೈರ್ಡ್ ಬಸ್ ಡ್ರೈವರ್ ಸಿದ್ದಬಸಪ್ಪನವರು ಕನ್ನಡಕ ತೆಗೆದರು.

“ಯಾರ್ರೀ ಹೇಳಿದ್ದು ಭಾರ ಮುಂದಿರ್ಬೇಕು ಅಂತ? ಮೂವತ್ತೊಂದು ವರ್ಷ ಘಾಟಿಯಲ್ಲಿ ಬಸ್ ಹೊಡ್ದಿದೀನಿ. ಭಾರ ಹಿಂದಿದ್ರೇನೆ ಗ್ರಿಪ್ಪು!”

“ಅದು ಬಸ್ಸು ಕಾಕಾ, ಇದು ಟ್ರೇಲರ್ರು.”

“ಚಕ್ರ ಚಕ್ರವೇ ಕಣಯ್ಯ!”

ಇಬ್ಬರ ಜಗಳಕ್ಕೆ ಎದುರಿನ ಅಂಗಡಿಯವರು ಇಳಿದು ಬಂದರು. ಸರಪಳಿ ಬೇಡ, ಕಾರು ಉರುಳಿದರೆ ಟ್ರೇಲರನ್ನೂ ಎಳೆದುಕೊಂಡು ಹೋಗುತ್ತದೆ ಎಂದನೊಬ್ಬ. ಎರಡು ಸಾಲದು, ನಾಲ್ಕು ಹಾಕಿ ಎಂದ ಮತ್ತೊಬ್ಬ. ಮೂರನೆಯವನು ಏನೂ ಹೇಳದೆ ಟ್ರೇಲರನ್ನೂ ಓಂಕಾರಮೂರ್ತಿಯನ್ನೂ ನೋಡಿ ನಿಟ್ಟುಸಿರು ಬಿಟ್ಟ. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆ ನಿಟ್ಟುಸಿರೇ.

ಹನ್ನೊಂದಕ್ಕೆ ಕಾರು ಹೊರಟಿತು. ಸೆಗಣಿ ತುಳಿದವನು ಹೆಜ್ಜೆಯಿಡುವಂತೆ ಓಂಕಾರಮೂರ್ತಿ ಹೈವೇ ಮೇಲೆ ಸಾಗಿದ. ಹಿಂದಿನಿಂದ ಬಸ್ಸು, ಟಿಪ್ಪರು, ಬೈಕು ಎಲ್ಲವೂ ಹಾರ್ನ್ ಹೊಡೆದವು. ದಾಟಿ ಹೋದ ಪ್ರತಿಯೊಬ್ಬನೂ ಕಿಟಕಿಯಿಂದ ಕೈ ಹೊರಹಾಕಿ ಏನಾದರೊಂದು ಬುದ್ಧಿ ಹೇಳಿಯೇ ಹೋದ. “ಸ್ಪೀಡ್ ತಗೋ!” “ಸ್ಲೋ ಹೋಗ್ರೀ!” “ಬಲಕ್ಕೆ ಎಳೀತಿದೆ!” “ಎಡಕ್ಕೆ ವಾಲ್ತಿದೆ!” ಒಂದೇ ಟ್ರೇಲರು ಎರಡೂ ಕಡೆ ಹೇಗೆ ವಾಲುತ್ತದೆಂದು ಯೋಚಿಸುವ ಶಕ್ತಿಯೂ ಓಂಕಾರಮೂರ್ತಿಗೆ ಉಳಿದಿರಲಿಲ್ಲ.

ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ. ಅಲ್ಲಿ ನೀರುದೋಸೆ ತಿನ್ನದೆ ಅವನು ಜೀವಮಾನದಲ್ಲಿ ಮುಂದೆ ಹೋದವನಲ್ಲ. ಇಳಿಯುತ್ತಿದ್ದಂತೆ ನಾಲ್ಕಾರು ಜನ ಸುತ್ತುಗಟ್ಟಿದರು. ಒಬ್ಬ ಟೈರನ್ನು ಕಾಲಲ್ಲಿ ಒದ್ದು ನೋಡಿದ. ಇನ್ನೊಬ್ಬ ಕೊಕ್ಕೆ ಹಿಡಿದು ಅಲ್ಲಾಡಿಸಿ, “ಇದು ನಿಲ್ಲಲ್ಲ ಬಿಡಿ” ಅಂದ.

“ಸಾಕು!” ಎಂದು ಕೂಗಿದ ಓಂಕಾರಮೂರ್ತಿ. “ಬೆಳಿಗ್ಗೆಯಿಂದ ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಇನ್ನು ಮನೆ ಸೇರೋವರೆಗೆ ಒಬ್ಬರ ಮಾತನ್ನೂ ಕೇಳಲ್ಲ!”

ಹಾಗೆಂದು ಹೋಟೆಲ್ಲಿನೊಳಗೆ ಹೋಗಿ, ರಸ್ತೆಗೆ ಬೆನ್ನು ಹಾಕಿ ಕೂತು, ಸಿಟ್ಟಿಗೆ ಎರಡು ದೋಸೆ ಹೆಚ್ಚೇ ತಿಂದ.

ಹೊರಗೆ ಬಂದಾಗ ಸುತ್ತಮುತ್ತ ಒಬ್ಬರೂ ಇರಲಿಲ್ಲ. ತಯ್ಯಬ್ ಹೇಳಿದ್ದು ನೆನಪಾಗಿ ಬಗ್ಗಿ ಪಿನ್ನು ನೋಡಿದ, ಸರಪಳಿ ಜಗ್ಗಿದ. ಎಲ್ಲ ಬಿಗಿಯಾಗಿತ್ತು. ಟಾರ್ಪಾಲು ಮಾತ್ರ ಹಿಂದೆ ಉಬ್ಬಿದಂತಿತ್ತು. ಗಾಳಿ ಹೊಕ್ಕಿರಬೇಕೆಂದುಕೊಂಡು ಹೊರಟ.

ಬಾಳೂರಿನ ರಸ್ತೆಗೆ ತಿರುಗಿ ಎರಡು ತಿರುವು ಹೋಗುವಷ್ಟರಲ್ಲಿ ಕಾರಿನ ಬುದ್ಧಿಯೇ ಬೇರೆಯಾಯಿತು. ಸ್ಟೀರಿಂಗು ಕೈಯಲ್ಲಿ ಬೆಣ್ಣೆಯಂತೆ ಜಾರತೊಡಗಿತು. ಕಾರಿನ ಮೂತಿ ಮೇಲಕ್ಕೆದ್ದು ಆಕಾಶ ನೋಡಿದರೆ, ಬಾಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣ್ಣು ಹಾಯಿಸಿದಷ್ಟೂ ಕೆಳಗೆ ಕಾಫಿ ಗಿಡ. ಎಂಜಿನ್ ಬೋಲ್ಟ್ ಕಿತ್ತುಕೊಂಡು ಹಿಂದಕ್ಕೆ ಜಾರಿತೇ? ಪಕ್ಕದ ಕನ್ನಡಿಯಲ್ಲಿ ಇಣುಕಿದ.

ಟಾರ್ಪಾಲಿನ ಅಂಚಿನಿಂದ ಒಂದು ಕಾಲು ಹೊರಗೆ ನೇತಾಡುತ್ತಿತ್ತು. ಮನುಷ್ಯನ ಕಾಲು. ಕಾರು ಕುಲುಕಿದಾಗ ಅದೂ ಕುಲುಕುತ್ತಿತ್ತು, ತನ್ನಷ್ಟಕ್ಕೆ ಅಲ್ಲಾಡುತ್ತಿರಲಿಲ್ಲ.

ಹೆಣ!

ಓಂಕಾರಮೂರ್ತಿಯ ಬಾಯಿಂದ ಬಂದ ಸದ್ದು ಯಾವ ಅಕ್ಷರಮಾಲೆಯಲ್ಲೂ ಇಲ್ಲ. ದೋಸೆ ತಿನ್ನುವ ಹೊತ್ತಿನಲ್ಲಿ ಯಾರೋ ಯಾರನ್ನೋ ಮುಗಿಸಿ ತನ್ನ ಟ್ರೇಲರಿಗೆ ತುಂಬಿದ್ದಾರೆ! ಪೊಲೀಸರು ನಂಬುತ್ತಾರೆಯೇ? ಭಾವನ ಟ್ರೇಲರು, ತಯ್ಯಬನ ಕೊಕ್ಕೆ, ಕಾರು ಮಾತ್ರ ರೂಪಶ್ರೀ ಹೆಸರಿನಲ್ಲಿ! ಗುಡ್ಡದ ಬದಿಗೆ ಹೇಗೋ ಕಾರು ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಟ್ಟು, ಕಣ್ಣು ಅರ್ಧ ಮುಚ್ಚಿಕೊಂಡು ಟಾರ್ಪಾಲು ಎತ್ತಿದ.

ಒಂದಲ್ಲ. ಏಳು.

ಏಳು ಜನ ಒಬ್ಬರ ಮೇಲೊಬ್ಬರು ಒರಗಿ ಟ್ರೇಲರಿನ ಹಿಂಬದಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಬೆಳಕು ಬಿದ್ದೊಡನೆ ಎದ್ದು ಕಣ್ಣುಜ್ಜಿಕೊಂಡು, ಅವರಲ್ಲಿ ಮುಖಂಡನಂತಿದ್ದವನು ನಗುತ್ತ ಕೇಳಿದ, “ಬಂತಾ ಸಾರ್?”

ಇಡೀ ದಿನದ ಹೆದರಿಕೆ ಒಂದೇ ಕ್ಷಣಕ್ಕೆ ಸಿಟ್ಟಾಗಿ ತಿರುಗಿತು. ಈ ಕಡೆಯ ಚಾಳಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ನಿಂತ ಟ್ರೇಲರು ಕಂಡರೆ ಸಾಕು, ಯಾರದು ಎಂದೂ ಕೇಳದೆ ಹತ್ತಿ ಕೂರುವುದು, ತಮ್ಮ ಊರು ಬಂದಾಗ ಇಳಿದು ಹೋಗುವುದು.

“ಏನು ಬರೋದು? ನಿಮಗೆ ಸಾವು ಬರ್ತಿತ್ತು, ನಿಮ್ಮ ಜೊತೆ ನಂಗೂ! ಇಳೀರಿ ಕೆಳಗೆ!”

“ಸಾರ್, ಒಂದು ಮಾತು...”

“ಮಾತೇ ಬೇಡ! ಟ್ರೇಲರ್‌ನಲ್ಲಿ ಜನ ಕೂರಬಾರದು ಅಂತ ಗೊತ್ತಿಲ್ವಾ? ಕೊಕ್ಕೆ ಕಳಚಿದ್ರೆ ಏನ್ ಹಿಡ್ಕೊಳ್ತಿದ್ರಿ, ಎಂಜಿನ್ನಾ? ಭಾರವೆಲ್ಲ ಹಿಂದೆ ಹಾಕಿ ಕೂತಿದೀರಲ್ಲ, ಕಾರು ಮೂತಿ ಎತ್ತಿ ಪ್ರಪಾತಕ್ಕೆ ಹಾರೋದ್ರಲ್ಲಿತ್ತು!”

“ಅದು ಸರಿ ಸಾರ್, ಆದ್ರೆ ನಾವು...”

“ನಾವೂ ಇಲ್ಲ, ನೀವೂ ಇಲ್ಲ! ಇವತ್ತು ನಾನು ಯಾರ ಮಾತೂ ಕೇಳೋನಲ್ಲ!”

ಏಳೂ ಜನ ಗಂಟುಮೂಟೆಯೊಂದಿಗೆ ರಸ್ತೆಗಿಳಿದರು. ಮುಖಂಡ ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕಾರು ಹೊರಟಿತ್ತು. ಏನಾಶ್ಚರ್ಯ! ಸ್ಟೀರಿಂಗು ಗಟ್ಟಿಯಾಯಿತು, ಮೂತಿ ಕೆಳಗಿಳಿಯಿತು, ಟ್ರೇಲರು ಸಾಧು ಹಸುವಿನಂತೆ ಹಿಂದೆ ಬಂತು. ಓಂಕಾರಮೂರ್ತಿಗೆ ಬೆಳಿಗ್ಗೆಯಿಂದ ಮೊದಲ ಸಲ ತನ್ನ ಮೇಲೆಯೇ ಗೌರವ ಹುಟ್ಟಿತು. ಏಳು ಜೀವ ಉಳಿಸಿದ್ದೇನೆ, ಎಂಟನೆಯದು ತನ್ನದು ಎಂದು ಲೆಕ್ಕ ಹಾಕಿ ಸಂತೋಷಪಟ್ಟ.

ಒಂದು ಗಂಟೆಗೆ ಅಂಗಳಕ್ಕೆ ಬಂದು ಹಾರ್ನ್ ಹೊಡೆದ. ಹೊತ್ತು ಬೇಕಾದಷ್ಟಿತ್ತು. ಪೈಪು ಎಳೆದು ಜೋಡಿಸಲು ಎರಡು ಗಂಟೆ ಸಾಕು, ಆಮೇಲೆ ಬೆಳಗಿನ ಆರರವರೆಗೂ ನೀರು ಅವನದೇ.

ರೂಪಶ್ರೀ ಓಡಿ ಬಂದಳು. ಟ್ರೇಲರಿನ ಹಿಂದೆ ಹೋಗಿ ನೋಡಿದಳು. ಟಾರ್ಪಾಲು ಎತ್ತಿ ನೋಡಿದಳು. ಕಾರಿನ ಹಿಂದಿನ ಸೀಟನ್ನೂ ನೋಡಿದಳು.

“ಏಳು ಜನ ಎಲ್ಲಿ?”

ಓಂಕಾರಮೂರ್ತಿ ಸಾಹಸದ ಕತೆ ಶುರುಮಾಡಲು ತೆರೆದ ಬಾಯಿ ಹಾಗೇ ಉಳಿಯಿತು. ಏಳು ಎಂಬ ಸಂಖ್ಯೆಯನ್ನು ಅವನಿನ್ನೂ ಯಾರಿಗೂ ಹೇಳಿರಲಿಲ್ಲ.

“ಯಾ... ಯಾವ ಏಳು ಜನ?”

“ಅಯ್ಯೋ, ನೀವು ಹೊರಟ ಅರ್ಧ ಗಂಟೆಗೆ ನಮ್ಮ ತೋಟದ ಲೈನ್‌ಮನೆ ಆಳುಗಳೆಲ್ಲ ಸಾವಿನ ಮನೆಗೆ ಅಂತ ಹೋಗ್ಬಿಟ್ರು. ಪೈಪು ಎಳೆಯಕ್ಕೆ ಒಂದು ನರಪಿಳ್ಳೆ ಇಲ್ಲ. ಅಳ್ತಾ ಅಣ್ಣಂಗೆ ಫೋನ್ ಮಾಡಿದೆ. ಅವನು ಹೇಗೋ ಏಳು ಜನರನ್ನ ಹುಡುಕಿ ಕೊಟ್ಟಿಗೆಹಾರದಲ್ಲಿ ನಿಲ್ಸಿದ್ದ. ಭಾವ ದೋಸೆಗೆ ನಿಲ್ಸೇ ನಿಲ್ಸ್ತಾರೆ, ಬಿಳಿ ಕಾರಿನ ಹಿಂದೆ ಎಂಜಿನ್ ಟ್ರೇಲರ್ ಕಂಡ್ರೆ ಹತ್ಕೊಳ್ಳಿ ಅಂತ ಹೇಳಿದ್ದನಂತೆ. ನಿಮಗೆ ಎಷ್ಟು ಸಲ ಫೋನ್ ಮಾಡಿದ್ರೂ ಸಿಗ್ಲಿಲ್ಲ. ನಾನು ಅವರಿಗೆ ಅಡುಗೆ ಬೇರೆ ಮಾಡಿಟ್ಟಿದೀನಿ. ಎಲ್ಲಿ ಅವ್ರು?”

ಓಂಕಾರಮೂರ್ತಿ ಬಗ್ಗಿ ಸರಪಳಿ ಬಿಚ್ಚಿದ. ಪಿನ್ನು ಕಿತ್ತು ಟ್ರೇಲರನ್ನು ಅಂಗಳದಲ್ಲೇ ಬಿಟ್ಟು ಕಾರು ತಿರುಗಿಸಿದ. ಆಗಷ್ಟೇ ಆಮೆಯಂತೆ ಬಂದ ರಸ್ತೆಯಲ್ಲಿ ಈಗ ಕಾರು ಹಾರಿತು. ಏಳು ಜನ ಅದೇ ತಿರುವಿನಲ್ಲಿ ಕೂತಿರಲಿ ದೇವರೇ, ಕಾಲಿಗೆ ಬಿದ್ದಾದರೂ ಕರೆತರುತ್ತೇನೆ ಎಂದು ಬೇಡಿಕೊಂಡ. ಆದರೆ ಕಾಫಿ ಸೀಮೆಯಲ್ಲಿ ಏಳು ಆಳು ರಸ್ತೆ ಬದಿ ಖಾಲಿ ನಿಂತರೆ ಎಷ್ಟು ಹೊತ್ತು ಉಳಿದಾರು?

ತಿರುವು ಇನ್ನೂ ಒಂದು ಫರ್ಲಾಂಗ್ ಇರುವಾಗಲೇ ಎದುರಿಗೆ ಸೋಮಶೇಖರಪ್ಪನವರ ಜೀಪು ಬಂತು. ತುಂಬಿದ ಜೀಪು. ಅವರು ಕಾರಿಗೆ ಅಡ್ಡ ನಿಲ್ಲಿಸಿ ತಲೆ ಹೊರಹಾಕಿದರು. ಮುಖ ಹಲಸಿನ ಹಣ್ಣು ಬಿರಿದಂತೆ ಬಿರಿದಿತ್ತು.

“ನೋಡಿ ಮಾರಾಯ್ರೆ ಅದೃಷ್ಟ! ನಾಳೆ ಸರದಿಗೆ ಆಳಿಲ್ಲ ಅಂತ ಬೆಳಿಗ್ಗೆಯಿಂದ ಅಲೀತಿದ್ದೆ. ಯಾರೋ ಪುಣ್ಯಾತ್ಮ ಏಳು ಜನರನ್ನ ರಸ್ತೇಲಿ ಇಳಿಸಿ ಹೋಗಿದಾನೆ!”

“ಸೋಮಶೇಖರಪ್ಪನೋರೇ, ಇವತ್ತೊಂದು ದಿನ ಅವರನ್ನ ನಂಗೆ ಬಿಟ್ಕೊಡಿ. ಕೈ ಮುಗೀತೀನಿ.”

“ಅದ್ಹೇಗಾಗುತ್ತೆ? ಮೂರು ದಿನಕ್ಕೆ ಮಾತಾಗಿದೆ. ಈಗಲೇ ಪೈಪು ಇಳಿಸ್ಬೇಕು.”

ಜೀಪಿನ ಹಿಂದಿನಿಂದ ಆ ಮುಖಂಡ, ಯೋಗೇಶ್ ಅಂತ ಅವನ ಹೆಸರು, ಇಣುಕಿ ನೋಡಿದ. ಗ್ರೀಸು ಮೆತ್ತಿದ ಅಂಗಿಯ ಓಂಕಾರಮೂರ್ತಿಯನ್ನು ಕಂಡು ಅವನಿಗೆ ಕನಿಕರ ಉಕ್ಕಿತು.

“ಇವರೇ ಸಾರ್ ನಮ್ಮನ್ನ ಇಳಿಸಿದ ಡ್ರೈವರ್ರು! ಪಾಪ, ಬೈಬೇಡಿ. ಇವರು ಹೇಳಿದ್ದು ನ್ಯಾಯವೇ, ಟ್ರೇಲರಲ್ಲಿ ಕೂರಬಾರದಿತ್ತು.” ಆಮೇಲೆ ಓಂಕಾರಮೂರ್ತಿಯ ಕಡೆ ತಿರುಗಿ ದನಿ ತಗ್ಗಿಸಿದ. “ಡ್ರೈವರ್ ಸಾರ್, ನಾವಿಲ್ದೆ ಬರೀ ಟ್ರೇಲರ್ ತಗೊಂಡ್ಹೋದ್ರಲ್ಲ, ನಿಮ್ಮ ಓನರ್ರು ಓಂಕಾರಮೂರ್ತಿ ಅನ್ನೋರು ಸುಮ್ನೆ ಬಿಟ್ರಾ? ಕೆಲ್ಸದಿಂದ ತೆಗೆದ್ರೆ ಹೇಳಿ, ನಮ್ಮ ಗುಂಪಿಗೂ ಒಬ್ಬ ಡ್ರೈವರ್ ಬೇಕು.”

ಸೋಮಶೇಖರಪ್ಪನವರು ಯೋಗೇಶನನ್ನು ನೋಡಿದರು, ಓಂಕಾರಮೂರ್ತಿಯನ್ನು ನೋಡಿದರು. ಎಲ್ಲ ಅರ್ಥವಾಗಲು ಅವರಿಗೆ ಒಂದು ಗಳಿಗೆ ಹಿಡಿಯಿತು. ಮೀಸೆಯಡಿ ನಗು ಅದುಮಿಕೊಳ್ಳಲು ಇನ್ನೆರಡು ಗಳಿಗೆ.

“ಹಾಗಾದ್ರೆ ಡ್ರೈವರ್ರೇ,” ಅಂದರು ಗೇರ್ ಹಾಕುತ್ತ, “ಆಳುಗಳು ಮೂರು ದಿನ ನಮ್ಮಲ್ಲಿರ್ತಾರೆ ಅಂತ ನಿಮ್ಮ ಓನರ್‌ಗೆ ಹೇಳ್ಬಿಡಿ.”

“ಹೇಳ್ತೀನಿ,” ಅಂದ ಓಂಕಾರಮೂರ್ತಿ.