ಗರಿಗರಿ ರಾಯರ ಗರಿಗರಿ ಉಪ್ಪು

"ಇವತ್ತಿನಿಂದ ಈ ಮನೆಯ ಉಪ್ಪಿನ ಖಾತೆ ನನ್ನದು!" ಎಂದು ಗರಿಗರಿ ರಾಯರು ಎದೆ ತಟ್ಟಿ ಘೋಷಿಸಿದ್ದು ಹೆಂಡತಿ ಟೀಚರಮ್ಮನ ಮೇಲಿನ ಪ್ರೀತಿಯಿಂದಲೇ, ಅದರಲ್ಲಿ ಎಳ್ಳಷ್ಟೂ ಸಂಶಯ ಬೇಡ. ಆಕೆಗೆ ಕೆಲವು ತಿಂಗಳಿಂದ ವಿಪರೀತ ಸುಸ್ತು. ಪಾಠ ಮಾಡುತ್ತ ಮಾಡುತ್ತಲೇ ಕುರ್ಚಿ ಹುಡುಕುವಂತಾಗಿತ್ತು. ಡಾಕ್ಟರು ಕುತ್ತಿಗೆ ಮುಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಗ್ರಂಥಿ ಮಂದವಾಗಿದೆ, ಊಟದಲ್ಲಿ ಅಯೋಡಿನ್ ಸಾಲುತ್ತಿಲ್ಲ, ಅಯೋಡಿನ್ ಇರುವ ಉಪ್ಪನ್ನೇ ಬಳಸಿ ನೋಡೋಣ ಎಂದಿದ್ದರು.

ರಾಯರದು ಬೀದಿಯ ತುದಿಯಲ್ಲಿ ಲಾಂಡ್ರಿ. 'ಯಾವ ಕಲೆಯಾದರೂ ಮಾಯ' ಎಂಬ ಬೋರ್ಡು ಅವರೇ ಬರೆದದ್ದು. ಅವರ ಜನ್ಮವೈರಿ ಒಂದೇ, ತೇವ! ಒದ್ದೆ ಟವೆಲ್ಲು ಕಂಡರೂ ಮೈ ಉರಿಯುತ್ತದೆ. ಇನ್ನು ಅವರ ಬಿಳಿ ಅಂಗಿಗೆ ಹಾಕುವ ಗಂಜಿಯೋ, ನೆಲದ ಮೇಲಿಟ್ಟರೆ ಅಂಗಿ ರಾಯರಿಲ್ಲದೆಯೂ ನಿಂತೀತು. ಬೀದಿಯವರು ಇಟ್ಟ ಹೆಸರು ಅದರಿಂದಲೇ ಬಂದದ್ದು.

ಹೀಗಿರುವಾಗ ಹೊಸದಾಗಿ ತಂದ ಅಯೋಡಿನ್ ಉಪ್ಪು ಕೈಗೆ ಅಂಟಬೇಕೆ? ರಾಯರ ವೃತ್ತಿಗೌರವಕ್ಕೇ ಪೆಟ್ಟು ಬಿತ್ತು. ಟೀಚರಮ್ಮ ಶಾಲೆಗೆ ಹೋದದ್ದೇ ತಡ, ಉಪ್ಪನ್ನು ತಾರಸಿಯ ಮೇಲೆ ಹರವಿ ಒಣಗಿಸಿದರು. ಆಮೇಲೆ ಬಾಣಲೆಯಲ್ಲಿ ಹುರಿದರು. ಹುರಿದದ್ದನ್ನು ಗಾಜಿನ ಭರಣಿಗೆ ತುಂಬಿ, ನಾಲ್ಕು ಜನ ನೋಡಲೆಂದು ಕಿಟಕಿಯ ಬಿಸಿಲಲ್ಲಿಟ್ಟರು. ಬಂದ ಪ್ಯಾಕೆಟ್ಟಿಗೆಲ್ಲ ಇದೇ ಸಂಸ್ಕಾರ! ಉಪ್ಪು ಮರಳಿನಂತೆ ಉದುರುವುದನ್ನು ಎದುರುಮನೆಯಾಕೆ ಹೊಗಳಿದಳು. ಅವಳಿಗೊಂದು ಭರಣಿ ಹೋಯಿತು. ಮೇಲಿನ ಮನೆಗೊಂದು. ನೋಡನೋಡುತ್ತಿದ್ದಂತೆ ಕಟ್ಟಡಕ್ಕೆಲ್ಲ ರಾಯರ ಉಪ್ಪೇ.

ಆದರೆ ಟೀಚರಮ್ಮನ ಸುಸ್ತು ಮಾತ್ರ ಜಗ್ಗಲಿಲ್ಲ. ಮತ್ತೆ ರಕ್ತ ಕೊಟ್ಟು ಬಂದರೆ ಅಂಕಿ ಇದ್ದಲ್ಲೇ ಇತ್ತು. ರಾಯರು ಹೊರಗೆ ಧೈರ್ಯ ಹೇಳಿದರು, ಒಳಗೊಳಗೇ ಹೆದರಿದರು.

ಅಷ್ಟರಲ್ಲಿ ಶಾಲೆಯಲ್ಲಿ ಟೀಚರಮ್ಮನ ಉಪ್ಪಿನ ಪ್ರಯೋಗ ಬಂತು. ಮಕ್ಕಳು ಮನೆಯಿಂದ ಒಂದೊಂದು ಚಮಚ ಉಪ್ಪು ತರಬೇಕು, ಮನೆಯವರೂ ಬಂದು ನೋಡಬಹುದು. ರಾಯರು ಬಿಡುತ್ತಾರೆಯೇ? ಅತಿ ಗಡುಸಾದ ಅಂಗಿ ತೊಟ್ಟು, ಭರಣಿ ಅಪ್ಪಿಕೊಂಡು ಹಾಜರಾದರು.

ಟೀಚರಮ್ಮ ಮೊದಲು ಬಟ್ಟಲ ಗಂಜಿಗೆ ಕಂದು ಅಯೋಡಿನ್ನಿನ ಒಂದು ಹನಿ ಬಿಟ್ಟರು. ಗಂಜಿ ಕಡುನೀಲಿಯಾಯಿತು. ಆಮೇಲೆ ಬೇರೊಂದು ಶೀಶೆಯಿಂದ ಒಬ್ಬೊಬ್ಬರ ಉಪ್ಪಿಗೂ ಪರೀಕ್ಷೆಯ ಹನಿ ಬಿಡುತ್ತ ಹೋದರು. ಅಯೋಡಿನ್ ಇದ್ದ ಉಪ್ಪೆಲ್ಲ ನೇರಳೆಗೆ ತಿರುಗಿತು. ರಾಯರದು ಮಾತ್ರ ಬೆಳ್ಳಗೆ ಕೂತಿತ್ತು. ಅವರ ಕಟ್ಟಡದ ಮಕ್ಕಳು ತಂದದ್ದೂ ಅಷ್ಟೇ.

"ನಿನ್ನ ಶೀಶೆ ಕೆಟ್ಟಿದೆ ಕಣೇ," ಎಂದರು ರಾಯರು.

ಟೀಚರಮ್ಮ ಅವರನ್ನು ಪಕ್ಕಕ್ಕೆ ಕರೆದರು. "ಈ ಉಪ್ಪಿಗೆ ಏನು ಮಾಡಿದ್ರಿ, ನಿಜ ಹೇಳಿ."

"ಮಾಡೋದೇನು? ಒಣಗಿಸಿದೆ, ಹುರಿದೆ, ಬಿಸಿಲಲ್ಲಿಟ್ಟೆ. ಎಲ್ಲಾ ನಿನಗೋಸ್ಕರವೇ."

ಎಂಥಾ ಹೆಂಗಸು ನೋಡಿ! ಬೇರೆ ಯಾರಾದರೂ ಆಗಿದ್ದರೆ ಭರಣಿ ರಾಯರ ತಲೆಯ ಮೇಲೆ ಇಳಿಯುತ್ತಿತ್ತು. ತಿಂಗಳುಗಟ್ಟಲೆ ಸುಸ್ತು ಹೊತ್ತ ಆಕೆ ನಗುತ್ತಲೇ ಮಕ್ಕಳ ಕಡೆ ತಿರುಗಿದರು. ಬಿಸಿಲು, ಬೆಂಕಿ, ತೇವ ಮೂರೂ ಉಪ್ಪಿನ ಅಯೋಡಿನ್ನಿಗೆ ಆಗಿಬರುವುದಿಲ್ಲ, ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಬೇಕು, ಅಡುಗೆಗೆ ಉಪ್ಪು ಕೊನೆಯಲ್ಲಿ ಹಾಕಬೇಕು ಎಂದು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ರಾಯರೂ ತಲೆದೂಗಿಬಿಟ್ಟರು. ಉಪ್ಪು ಹುರಿದದ್ದು ಯಾರೆಂದು ಮಾತ್ರ ಆಕೆ ಬಾಯಿ ಬಿಡಲಿಲ್ಲ.

ರಾಯರಿಗೆ ಸುಮ್ಮನಿರಲಾಗಲಿಲ್ಲ. ಇನ್ನೊಂದು ಸಲ ಪರೀಕ್ಷಿಸಲೆಂದು ಮೇಜಿನ ಮೇಲೆ ಬಾಗಿದರು. ತೋಳು ತಾಗಿ ಅಯೋಡಿನ್ ಶೀಶೆ ಉರುಳಿತು. ಗಂಜಿ ಕುಡಿದ ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಕಡುನೀಲಿ!

"ನೋಡಿ ಮಕ್ಕಳೇ," ಎಂದರು ಟೀಚರಮ್ಮ, "ನಮ್ಮ ಮನೆಯಲ್ಲಿ ಅಯೋಡಿನ್ ಇಲ್ಲ ಅಂದವರು ಯಾರು? ಪೂರ್ತಿ ಇವರ ಅಂಗಿ ಮೇಲಿದೆ."

ರಾಯರು ಆ ಸಂಜೆ ಅದೇ ಅಂಗಿಯಲ್ಲಿ, ತಮ್ಮದೇ ಬೋರ್ಡಿನ ಮುಂದೆ ತಲೆ ತಗ್ಗಿಸಿ ಹಾದು, ಮನೆಮನೆಗೆ ಹೋಗಿ ಭರಣಿಗಳನ್ನು ವಾಪಸು ತಂದರು.

ಕೆಲವು ತಿಂಗಳಾದ ಮೇಲೆ ಅಂಕಿ ಸರಿಹೋಯಿತು, ಟೀಚರಮ್ಮನಿಗೆ ಕುರ್ಚಿ ಬೇಡವಾಯಿತು. ಡಾಕ್ಟರು ಮೆಚ್ಚಿ, ಮನೆಯಲ್ಲಿ ಉಪ್ಪಿನ ಜವಾಬ್ದಾರಿ ಯಾರದು ಎಂದು ಕೇಳಿದರು. ರಾಯರು ನೆಲ ನೋಡಿದರು.

"ಈಗಲೂ ಇವರದ್ದೇ ಡಾಕ್ಟ್ರೇ," ಎಂದರು ಟೀಚರಮ್ಮ, ಗಂಡನ ಕೈ ಹಿಡಿದು. "ಮುಚ್ಚಳ ಹಾಕ್ತಾರೆ. ಅಷ್ಟೇ."