ಮಾವ ದೋಣಿಗೆ ಅಳತೆ ತೆಗೆದದ್ದು

ನಮ್ಮ ಸೋದರಮಾವನ ಮುಂದೆ ಆನೆ ತಂದು ನಿಲ್ಲಿಸಿದರೂ ಮೊದಲು ಅದರ ಎದೆಯ ಸುತ್ತಳತೆ ತೆಗೆಯುತ್ತಾನೆ. ಶಹಾಪುರದಲ್ಲಿ ಆತನದು ಟೇಲರ್ ಅಂಗಡಿ. ಈಜು ಬಾರದು, ಕಾಲುವೆ ದಾಟುವಾಗಲೂ ಇನ್ನೊಬ್ಬರ ಭುಜ ಹಿಡಿಯುವ ಆಸಾಮಿ. ಅಂಥವನು ಹೋದ ಬೇಸಿಗೆಯಲ್ಲಿ ಫೈಬರ್ ದೋಣಿ ಮಾಡುತ್ತೇನೆಂದರೆ ಯಾರು ನಂಬಬೇಕು?

ಅಂಗಳದಲ್ಲಿ ಪ್ಲೈವುಡ್ಡಿನ ಅಚ್ಚು ಬೋರಲು ಬಿತ್ತು. ಮಾವ ಟೇಪು ಕೊರಳಿಗೆ ಹಾಕಿಕೊಂಡು ಅದರ ಸುತ್ತ ತಿರುಗಿ, "ಹೊಟ್ಟಿ ಜರಾ ಅಗಲದ, ಅರಬಿ ಜಾಸ್ತಿ ಹಿಡೀತದ" ಎಂದು ಬಟ್ಟೆಯ ಲೆಕ್ಕ ಹಾಕಿದ. ಗಾಜಿನ ನಾರಿನ ಹಾಸು ಎಷ್ಟು ಬೇಕೆಂದು ತಿಳಿಯಲು ಅತ್ತೆಯ ಹಳೆಯ ಸೀರೆಗಳನ್ನು ಅಚ್ಚಿಗೆ ಹೊದಿಸಿ ನೋಡಿದ. ಪದರಿಗೆ ಎರಡು ಸೀರೆ, ಮೂರು ಪದರಿಗೆ ಆರು, ಅಂಚು ಒಂದರ ಮೇಲೊಂದು ಬರಲು ಇನ್ನೊಂದು. ನಗಬೇಡಿ, ಹೈದರಾಬಾದಿನಿಂದ ತಂದ ಹಾಸು ಸರಿಯಾಗಿ ಕುಳಿತು, ಒಂದು ಜೇಬು ಹೊಲಿಯುವಷ್ಟು ಉಳಿಯಿತು!

ಎಡವಿದ್ದು ಹಾಸಿನ ಮೇಲೆ ಬಳಿಯುವ ರೆಸಿನ್ ಎಂಬ ಅಂಟಿನಲ್ಲಿ. ಬಟ್ಟೆಗೆ ಗಂಜಿ ಹಾಕಿದ ಹಾಗೆ ಅಂದುಕೊಂಡು ಸ್ವಲ್ಪವೇ ತರಿಸಿದ್ದ. ಹಾಸು ಬಿಸಿಲಲ್ಲಿ ಬಂದ ಎಮ್ಮೆಯ ಹಾಗೆ ಕುಡಿದು, ಅರ್ಧ ದೋಣಿಗೇ ಮುಗಿಸಿತು. ಹಾಸಿನ ತೂಕದ ಎರಡೂವರೆ ಪಟ್ಟು ಬೇಕೆಂದು ಅಂಗಡಿಯವನು ಫೋನಿನಲ್ಲಿ ತಿಳಿಸಿದ. ಮತ್ತೆ ತರಿಸಿದ್ದಾಯಿತು. ಅದನ್ನು ಗಟ್ಟಿ ಮಾಡುವ ದ್ರವವನ್ನು ಮಾವ ಇಡೀ ಬಕೆಟ್ಟಿಗೆ ಒಮ್ಮೆಲೇ ಸುರಿದ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ? ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಬಕೆಟ್ಟು ಹೊಗೆಯಾಡುತ್ತಿತ್ತು, ಬ್ರಷ್ಷು ಅದರೊಳಗೆ ಕಂಬದಂತೆ ನೆಟ್ಟುಕೊಂಡಿತ್ತು.

"ಈಗೇನು ಬಕೀಟಿನ್ಯಾಗ ಕುಂತು ಹೋಗ್ತೀರೇನ್ರಿ?" ಎಂದಳು ಅತ್ತೆ.

ಆಮೇಲೆ ಮಾವ ಬೆಳಗಿನ ತಂಪಿನಲ್ಲಿ ಲೋಟ ಲೋಟವೇ ಕಲಸಿ, ತೇಪೆ ಹಚ್ಚಿದಷ್ಟು ಎಚ್ಚರದಿಂದ ಕೆಲಸ ಮುಗಿಸಿದ. ದೋಣಿ ಯಾಕೆಂದು ಕೇಳಿದವರಿಗೆಲ್ಲ ಶೋಕಿಗೆ ಅಂದ.

ಮಳೆಗಾಲ ಮುಗಿದು ಸಗರದ ಕಡೆಯ ಒಂದು ಕೆರೆ ತುಂಬಿದಾಗ ದೋಣಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೋದೆವು. ಹುಟ್ಟು ಹಾಕಲು ಮೀನು ಹಿಡಿಯುವ ಗೆಳೆಯನೊಬ್ಬ ಬಂದಿದ್ದ. ಕೆರೆಯ ಆಚೆ ದಂಡೆಯ ಹೊಲದಲ್ಲಿ ಅತ್ತೆಯ ಅಕ್ಕನ ಮನೆ. ಗಾಡಿ ಹೋಗದು, ಏರಿಯ ಮೇಲೆ ನಡೆದೇ ಹೋಗಬೇಕು. ಮೊಣಕಾಲು ಹಿಡಿದ ಮೇಲೆ ಅತ್ತೆ ಅತ್ತ ಹೋಗಿರಲಿಲ್ಲ. ಹಾಸಿಗೆ ಹಿಡಿದ ಅಕ್ಕ ಇತ್ತ ಬರುವಂತಿರಲಿಲ್ಲ. ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು.

ಮಾವ ಅತ್ತೆಯ ಕೈಹಿಡಿದು ದೋಣಿಯಲ್ಲಿ ಕೂರಿಸಿದ. ತಾನೂ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಎದುರಿಗೆ ಕುಳಿತ. ನಾನು ಹಿಂದೆ ಕುಳಿತೆ. ದೋಣಿ ತೇಲಿತು. ಆಚೆಯ ಮನೆ ಕಣ್ಣಿಗೆ ಬೀಳುತ್ತಲೇ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಳಬ್ಯಾಡ," ಅಂದ ಮಾವ ಮೆಲ್ಲಗೆ. "ದೋಣ್ಯಾಗ ನೀರು ಕಂಡ್ರ ಮಂದಿ ನನ್ನ ಲೆಕ್ಕಾನ ತಪ್ಪ್ಯದ ಅಂತಾರ."